ಸೋಮವಾರದ ಬೇಲಿಗೆ ಎಷ್ಟು ಆಳು

ಕೆನ್ನೆಗೆ ನೊರೆ ಹಚ್ಚಿಸಿಕೊಂಡು, ಕುತ್ತಿಗೆಯ ಮೇಲೆ ಕತ್ತಿ ಇಡಿಸಿಕೊಂಡು ಕೂತವನ ಮುಂದೆ ಯಾರು ಏನು ಬೇಕಾದರೂ ಮಾತಾಡಬಹುದು. ಅವನು ತಿರುಗಿ ಒಂದು ಮಾತು ಆಡುವಂತಿಲ್ಲ. ನನ್ನ ನಾಯಕತ್ವಕ್ಕೆ ಮೊದಲ ಪೆಟ್ಟು ಬಿದ್ದದ್ದು ಅಂಥ ಹೊತ್ತಿನಲ್ಲಿ.

ನಮ್ಮೂರು ಹನಗೋಡಿನಿಂದ ವೀರನಹೊಸಹಳ್ಳಿ ಕಡೆ ಹೋಗುವ ದಾರಿಯಲ್ಲಿ ಒಂದಿಷ್ಟು ಒಳಗೆ ಸರಿದುಕೊಂಡಿದೆ. ಊರು ಮುಗಿದರೆ ಹೊಲ, ಹೊಲ ಮುಗಿದರೆ ಕಾಡು. ಊರಿನ ಸಲೂನಿನಲ್ಲಿ ಕನ್ನಡಿಯ ಮೇಲೆ ಒಂದು ಟಿವಿ ಇದೆ. ಅವತ್ತು ಭಾನುವಾರ. ಟಿವಿಯಲ್ಲಿ ದೂರದ ಒಂದು ದೇಶದ ಯುದ್ಧ ತೋರಿಸುತ್ತಿದ್ದರು. ಆ ದೇಶದ ನಾಯಕನ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ನೇಗಿಲು ಹಿಡಿದವನು ನಾನು. ಆದರೆ ಮುಖ ಚೆನ್ನಾಗಿ ಗೊತ್ತು. ಯುದ್ಧ ಶುರುವಾದ ಹೊಸದರಲ್ಲಿ ಇಡೀ ದೇಶ ಅವನ ಬೆನ್ನಿಗೆ ನಿಂತಿದ್ದನ್ನು ಇದೇ ಕುರ್ಚಿಯಲ್ಲಿ ಕೂತು ನೋಡಿದ್ದೆ. ಈಗ ಅವನ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಜನ ಈಗಲೂ ಅವನ ಜೊತೆಗಿದ್ದಾರೋ ಇಲ್ಲವೋ ಎಂದು ನಾಲ್ಕು ಜನ ಕೋಟು ಹಾಕಿಕೊಂಡು ಕಿತ್ತಾಡುತ್ತಿದ್ದರು.

ಸಲೂನಿನವನು ಕತ್ತಿ ಎಳೆಯುತ್ತಲೇ ಕೇಳಿದ: "ಏನಣ್ಣ, ಜನ ಇನ್ನೂ ಅವನ್ ಕಡೀಕೇ ಅವ್ರಾ?"

ಉತ್ತರ ಕೊಟ್ಟದ್ದು ನಾನಲ್ಲ, ಹಿಂದಿನ ಬೆಂಚಿನಲ್ಲಿ ಕೂತಿದ್ದ ಟ್ರ್ಯಾಕ್ಟರಿನವನು. ನಮ್ಮೂರಿನವನೇ, ದೂರದ ಸಂಬಂಧದಲ್ಲಿ ನನಗೆ ತಮ್ಮನಾಗಬೇಕು. ಸ್ವಂತ ಟ್ರ್ಯಾಕ್ಟರು ಇಟ್ಟವನು, ಬಾಯಿ ಜೋರು.

"ಎಲ್ಲವ್ರೆ ಬುಡಣ್ಣ. ಯುದ್ಧ ಇರೋಗಂಟ ಕುರ್ಚಿ. ಮುಗುದ್ರೆ ಯಾರ್ ಕೇಳ್ತಾರೆ ಅವನ್ನ? ಅದ್ಕೇ ಅವ್ನು ಮುಗಿಸ್ತಾನೇ ಇಲ್ಲ. ಅಲ್ಲೀಗಂಟ ಯಾಕೋಗ್ಬೇಕು, ನಮ್ಮೂರಲ್ಲೂ ಒಬ್ರವ್ರೆ ಅಂಗೆ. ಆನೆ ಓಗಿ ಎಷ್ಟ್ ದಿನಾಯ್ತು? ಇವ್ರ ಯುದ್ಧ ಮಾತ್ರ ಮುಗುದಿಲ್ಲ."

ಬೆಂಚಿನಲ್ಲಿದ್ದವರೆಲ್ಲ ನಕ್ಕರು. ಕನ್ನಡಿಯಲ್ಲಿ ನನಗೆ ಎಲ್ಲರ ಹಲ್ಲೂ ಕಂಡವು. ಸಲೂನಿನವನು ಮಾತ್ರ ನಗದೆ, "ಅಲ್ಲಾಡ್‌ಬ್ಯಾಡಿ ಅಧ್ಯಕ್ಷ್ರೇ, ಕುಯ್ದೋಯ್ತದೆ" ಎಂದ.

ಅಧ್ಯಕ್ಷ ಎಂದರೆ ಬೇಲಿ ಕಮಿಟಿಯ ಅಧ್ಯಕ್ಷ. ಆ ಪದವಿ ನನಗೆ ಯಾರೂ ಪುಕ್ಕಟೆ ಕೊಟ್ಟಿದ್ದಲ್ಲ. ಅದಕ್ಕೂ ನಾಲ್ಕು ವರ್ಷ ಹಿಂದೆ ನಮ್ಮೂರು ನಿಜವಾಗಿಯೂ ಯುದ್ಧದಲ್ಲಿತ್ತು. ಹಿಂಡು ಹಿಂಡಾಗಿ ಆನೆ ಇಳಿಯುತ್ತಿದ್ದವು. ರಾಗಿ ತಿಂದವು, ಮುಸುಕಿನ ಜೋಳ ತಿಂದವು, ತಿನ್ನದ ಹೊಗೆಸೊಪ್ಪನ್ನೂ ಸುಮ್ಮನೆ ತುಳಿದು ಹೋದವು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆಗೆ ಮೈ ಉಜ್ಜಿ ಒಂದು ಮೂಲೆಯನ್ನೇ ಕೆಡವಿದವು. ಅರಣ್ಯ ಇಲಾಖೆಯವರ ಬಾಗಿಲಿಗೆ ಹುಣಸೂರಿಗೂ ಮೈಸೂರಿಗೂ ಅಲೆದವನು ನಾನು. ಅವರು ಕಂದಕ ತೋಡಿಸಿದರು, ಕಂದಕದ ಈಚೆ ದಂಡೆಗೆ ಸೋಲಾರ್ ತಂತಿ ಎಳೆಸಿದರು. ಎಲ್ಲ ಸರಿ. ಆದರೆ ತಂತಿಗೆ ಒಂದು ಬಳ್ಳಿ ಹಬ್ಬಿದರೆ ಸಾಕು, ಕರೆಂಟೆಲ್ಲ ನೆಲಕ್ಕಿಳಿದು ಹೋಗುತ್ತದೆ. ಆನೆಗೆ ಅದು ಗೊತ್ತು. ಸೊಂಡಿಲಿನಲ್ಲಿ ಮುಟ್ಟುವುದಿಲ್ಲ, ದಂತದ ತುದಿಯಲ್ಲಿ ತಂತಿ ಎತ್ತಿ ನೋಡುತ್ತದೆ. ನಾನು ಓದಿದ್ದು ಏಳನೇ ಕ್ಲಾಸು, ಆನೆ ಓದಿದ್ದು ನನಗಿಂತ ಜಾಸ್ತಿ.

ಆಗ ನಾನು ಊರಿಗೆ ಎರಡು ಕಾನೂನು ಮಾಡಿದೆ. ಸೋಮವಾರ ಬಸವಣ್ಣನ ದಿನ, ನಮ್ಮಲ್ಲಿ ಯಾರೂ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಎತ್ತಿಗೆ ರಜೆ, ಮನುಷ್ಯನಿಗೆ ಯಾಕೆ ರಜೆ ಎಂದೆ. ಪ್ರತಿ ಸೋಮವಾರ ಬೆಳಗ್ಗೆ ಮನೆಗೊಂದು ಆಳು ಮಚ್ಚು ಹಿಡಿದು ಬೇಲಿಗೆ ಬರಬೇಕು. ಅರವತ್ತು ಮನೆಗೂ ಕಂಬದಿಂದ ಕಂಬಕ್ಕೆ ಪಾಲು ಹಂಚಿದೆ. ಅವರವರ ಪಾಲಿನ ಬಳ್ಳಿ, ಲಂಟಾನ ಅವರವರೇ ಸವರಬೇಕು, ಕುಸಿದ ಕಂದಕದ ಅಂಚು ಅವರವರೇ ಕಟ್ಟಬೇಕು. ಎರಡನೇ ಕಾನೂನು, ಊರಿನಲ್ಲಿ ಒಂದು ಹಲಸೂ ಮರದಲ್ಲಿ ಹಣ್ಣಾಗಕೂಡದು. ಹಲಸಿನ ವಾಸನೆಗೆ ಆನೆ ಮೈಲಿಗಟ್ಟಲೆ ನಡೆದು ಬರುತ್ತದೆ. ಎಲ್ಲವನ್ನೂ ಎಳೆಗಾಯಿಯಲ್ಲೇ ಇಳಿಸಿಬಿಡಬೇಕು. ಆ ವರ್ಷ ಊರಿಗೆ ಊರೇ ಹಲಸಿನಕಾಯಿ ಪಲ್ಯ, ಹಲಸಿನಕಾಯಿ ಹುಳಿ ತಿಂದು ನನ್ನನ್ನು ಬೈದುಕೊಂಡಿತು. ಆದರೆ ಇಳಿಸಿದರು. ಮರದ ಮೇಲೆ ಹತ್ತಿದ್ದವರಲ್ಲಿ ಈ ಟ್ರ್ಯಾಕ್ಟರಿನವನೂ ಇದ್ದ. ಆನೆ ನಿಂತವು. ಊರಹಬ್ಬದಲ್ಲಿ ಮೊದಲ ವೀಳ್ಯ ನನ್ನ ಕೈಗೆ ಕೊಟ್ಟರು. ಅವತ್ತು ನನ್ನ ಎದೆ ಎಷ್ಟು ಅಗಲವಾಗಿತ್ತು ಎಂದರೆ ಅಂಗಿಯ ಗುಂಡಿ ಹಾಕಲಾಗಲಿಲ್ಲ ಎಂದು ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ.

ಆನೆ ನಿಂತದ್ದೇ ನನಗೆ ಮುಳುವಾಯಿತು. ಹೆದರಿಕೆ ಇದ್ದಾಗ ಅರವತ್ತು ಆಳು ಬರುತ್ತಿದ್ದರು. ಒಂದು ವರ್ಷ ಕಳೆಯಿತು, ನಲವತ್ತು. ಇನ್ನೊಂದು ವರ್ಷ, ಇಪ್ಪತ್ತೈದು. ಆ ಭಾನುವಾರ ಸಲೂನಿನಲ್ಲಿ ನನ್ನ ಗಡ್ಡ ಹೆರೆಯುವ ಹೊತ್ತಿಗೆ, ಹಿಂದಿನ ಮೂರು ಸೋಮವಾರ ಬಂದಿದ್ದವರು ಹನ್ನೊಂದು ಜನ. ಒಬ್ಬನಿಗೆ ಮದುವೆ, ಒಬ್ಬನಿಗೆ ಸೊಂಟ, ಒಬ್ಬನಿಗೆ ಪಿರಿಯಾಪಟ್ಟಣದಲ್ಲಿ ಕೆಲಸ. ಟ್ರ್ಯಾಕ್ಟರಿನವನು ನೆಪವನ್ನೂ ಹೇಳುತ್ತಿರಲಿಲ್ಲ, ಸುಮ್ಮನೆ ಬರುತ್ತಿರಲಿಲ್ಲ. ಅವನ ಪಾಲಿನ ತಂತಿಯ ಮೇಲೆ ಬಳ್ಳಿ ಹಸಿರು ಸೀರೆ ಒಣಗಹಾಕಿದ ಹಾಗೆ ಹಬ್ಬಿತ್ತು.

ಇಷ್ಟು ಹೇಳಿದ ಮೇಲೆ ನನ್ನ ಹಿತ್ತಲಿನ ವಿಷಯವನ್ನೂ ಹೇಳಲೇಬೇಕು.

ಮಗಳನ್ನು ಕೆ.ಆರ್. ನಗರದ ಕಡೆ ಕೊಟ್ಟಿದ್ದೇವೆ. ಅದು ನಾಲೆ, ಗದ್ದೆಯ ಸೀಮೆ. ಆ ಬೇಸಿಗೆಯಲ್ಲಿ ಏಳು ತಿಂಗಳ ಬಸುರಿಯಾಗಿ ತವರಿಗೆ ಬಂದಳು. ಬಂದ ಮೂರನೇ ದಿನಕ್ಕೆ ಹಲಸಿನ ಹಣ್ಣು ಬೇಕು ಎಂದಳು. ಹುಣಸೂರು ಸಂತೆಯಿಂದ ತಂದೆ. ಒಂದು ತೊಳೆ ಬಾಯಿಗಿಟ್ಟು, "ಇದು ನಮ್ಮನೆ ಹಣ್ಣಲ್ಲ" ಎಂದು ಪಕ್ಕಕ್ಕಿಟ್ಟಳು. ನಮ್ಮ ಹಿತ್ತಲಿನದು ಚಂದ್ರ ಹಲಸು, ಒಳಗೆ ಕೇಸರಿ ಬಣ್ಣ. ಅವಳು ಆ ಮರದ ಬುಡದಲ್ಲೇ ಆಡಿ ಬೆಳೆದವಳು.

"ನಮ್ಮೂರಲ್ಲಿ ಅಣ್ಣು ತಿನ್ನಕ್ಕೂ ಆನೆ ಒಪ್ಗೆ ಬೇಕಾ ಅಪ್ಪ?" ಎಂದಳು.

ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿಗೆ ಕಿವಿ ಸೋರುತ್ತದೆ ಎಂದು ನಮ್ಮ ಕಡೆ ಹೆಂಗಸರು ಹೇಳುತ್ತಾರೆ. ನಾನು ನಂಬುವುದಿಲ್ಲ ಎಂದುಕೊಂಡಿದ್ದೆ. ಆದರೆ ಎಲ್ಲ ಕಾಯಿಗಳನ್ನೂ ಇಳಿಸಿದವನು ಎರಡನ್ನು ಬಿಟ್ಟೆ. ಒಂದೊಂದಕ್ಕೂ ಗೋಣಿಚೀಲ ಸುತ್ತಿ ಕಟ್ಟಿದೆ. ಚೀಲದ ಮೇಲೆ ಸಗಣಿ ಬಗ್ಗಡ ದಪ್ಪಗೆ ಬಳಿದೆ. ಸಗಣಿ ವಾಸನೆಯ ಮುಂದೆ ಹಣ್ಣಿನ ವಾಸನೆ ಎಲ್ಲಿ ಹೊರಗೆ ಬರುತ್ತದೆ ಎಂದು ನನ್ನ ಲೆಕ್ಕ. ನೆಲ ಸಾರಿಸಲು ಬಂದ ಹೆಂಡತಿ ಬಕೆಟ್ಟಿನಲ್ಲಿ ಬಗ್ಗಡ ಇಲ್ಲದ್ದನ್ನು ನೋಡಿದಳು, ಮರ ನೋಡಿದಳು, ನನ್ನನ್ನು ನೋಡಿದಳು.

"ಊರಿಗೆಲ್ಲ ಕಾನೂನು, ನಿಮಗೆ ಗೋಣಿಚೀಲ" ಎಂದಳು. ಅಷ್ಟೇ. ಹದಿನೈದು ದಿನ ಆ ಮಾತು ನನ್ನ ಬೆನ್ನಿಗೆ ಅಂಟಿಕೊಂಡಿತ್ತು.

ಸಲೂನಿನ ಮಾತಿನ ಮಾರನೇ ದಿನ, ಸೋಮವಾರ, ಒಂಬತ್ತು ಜನ ಬಂದರು. ಗುರುವಾರ ಬೆಳಗ್ಗೆ ಎದ್ದು ಹಿತ್ತಲಿಗೆ ಹೋದರೆ, ದೊಡ್ಡವ್ವ ತನ್ನ ಹೊಲದ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ದೊಡ್ಡವ್ವ ಎಂದರೆ ನನ್ನ ದೊಡ್ಡಪ್ಪನ ಹೆಂಡತಿ, ಎಪ್ಪತ್ತು ದಾಟಿದರೂ ಕಳೆ ಕೀಳುವುದರಲ್ಲಿ ಅವಳ ಮುಂದೆ ಯಾರೂ ಇಲ್ಲ. ಅವಳ ಹೊಲಕ್ಕೂ ನಮ್ಮ ಹಿತ್ತಲಿಗೂ ಒಂದು ಕೊಟ್ಟಿಗೆ ಗೋಡೆಯಷ್ಟೇ ಅಡ್ಡ. ನೆಟ್ಟು ಮೂರು ವಾರವಾಗಿದ್ದ ಹೊಗೆಸೊಪ್ಪಿನ ಸಸಿಯಲ್ಲಿ ಹತ್ತು ಸಾಲು ನೆಲಕ್ಕೆ ಅಂಟಿತ್ತು. ಮೊರದಗಲ ಹೆಜ್ಜೆ, ಪ್ರತಿ ಹೆಜ್ಜೆಯಲ್ಲೂ ಮಳೆನೀರು. ಒಂಟಿ ಸಲಗ. ಕೊಟ್ಟಿಗೆಯ ಗೋಡೆಯ ತನಕ ಬಂದು, ನಾಯಿ ಬೊಗಳಿದ್ದಕ್ಕೋ ಏನೋ, ಹಿಂದಕ್ಕೆ ತಿರುಗಿತ್ತು.

ಊರು ಸೇರಿತು. ಹೆಜ್ಜೆ ಹಿಡಿದು ಹೋದೆವು. ಹೆಜ್ಜೆ ನೇರ ಬೇಲಿಗೆ ಹೋಗಿ ಟ್ರ್ಯಾಕ್ಟರಿನವನ ಪಾಲಿನಲ್ಲೇ ನಿಂತವು. ಕುಸಿದ ಕಂದಕ, ಬಳ್ಳಿಯ ಸಮೇತ ಮಲಗಿದ ತಂತಿ. ಎಲ್ಲರೂ ಅವನ ಮುಖ ನೋಡಿದರು.

"ನೋಡುದ್ರಾ" ಎಂದೆ ನಾನು. ನನ್ನ ದನಿ ನನಗೇ ಸಿಹಿಯಾಗಿ ಕೇಳಿಸಿತು. "ಯುದ್ಧ ಮುಗುದೋಗದೆ ಅಂತಿದ್ದಲ್ಲ, ಕೇಳು ಈಗ ಆನೇನ. ಸೋಮವಾರ ಬೆಳಗ್ಗೆ ಕಟ್ಟೆ ಮೇಲೆ ಊರು ಸೇರ್ಲಿ. ತೀರ್ಮಾನ ಆಗ್ಲಿ."

ಗೆದ್ದೆ ಎಂದುಕೊಂಡು ಮನೆಗೆ ನಡೆದೆ. ಹಿಂದೆಯೇ ದೊಡ್ಡವ್ವ ಬಂದಳು. ಕೊಟ್ಟಿಗೆಯ ಹತ್ತಿರ ನಿಂತು ಮೂಗು ಮೇಲೆತ್ತಿ ಗಾಳಿ ಎಳೆದಳು.

"ಆನೆ ನನ್ ಒಲಕ್ ಬಂದಿದ್ದಲ್ಲ ಕಣಪ್ಪ" ಎಂದಳು, ಮೆಲ್ಲಗೆ. "ನನ್ ಒಲದ್ ಮ್ಯಾಲೆ ಆದು ಓಗಿದ್ದು."

ಅವಳು ಮರದ ಕಡೆ ನೋಡಲೂ ಇಲ್ಲ, ಹೊರಟು ಹೋದಳು. ಗೋಣಿಚೀಲದ ಹತ್ತಿರ ಹೋಗಿ ಮೂಗಿಟ್ಟೆ. ಸಗಣಿ ಒಣಗಿ ಸಿಪ್ಪೆ ಸಿಪ್ಪೆಯಾಗಿ ಉದುರಿತ್ತು. ಒಳಗಿನ ಕಾವಿಗೆ ಹಣ್ಣು ಮಾಗಿ, ಚೀಲವೆಲ್ಲ ಆ ವಾಸನೆ ಕುಡಿದು ಕೂತಿತ್ತು. ನಾನು ಮುಚ್ಚಿಟ್ಟಿರಲಿಲ್ಲ, ಹೊಗೆ ಹಾಕಿ ಹಣ್ಣು ಮಾಡಿದ ಹಾಗೆ ಮಾಗಿಸಿ ಆನೆಯನ್ನು ಕರೆದಿದ್ದೆ.

ಗುರುವಾರದಿಂದ ಸೋಮವಾರಕ್ಕೆ ನಾಲ್ಕು ದಿನ. ರಾತ್ರಿ ಹುಡುಗರು ಬಿದ್ದ ತಂತಿಯ ಹತ್ತಿರ ಬೆಂಕಿ ಹಾಕಿಕೊಂಡು ಕಾವಲಿದ್ದರು. ಹೇಳದೆ ಇದ್ದರೆ ನನ್ನ ಪದವಿ ಇನ್ನು ಹತ್ತು ವರ್ಷ ಗಟ್ಟಿ. ಟ್ರ್ಯಾಕ್ಟರಿನವನು ಊರ ಮುಂದೆ ತಲೆ ತಗ್ಗಿಸುತ್ತಾನೆ, ಜನ ಹೆದರಿ ಮತ್ತೆ ಬೇಲಿಗೆ ಬರುತ್ತಾರೆ. ದೊಡ್ಡವ್ವ ಬಾಯಿ ಬಿಡುವವಳಲ್ಲ. ಹೇಳಿದರೆ ಮೊದಲ ವೀಳ್ಯ ಹೋಯಿತು, ಹೆಸರೂ ಹೋಯಿತು. ಸ್ಕೂಲು ಬಿಟ್ಟ ಮೇಲೆ ನಾನು ಸಂಪಾದಿಸಿದ್ದು ಹೆಸರೊಂದೇ. ಟಿವಿಯಲ್ಲಿ ಕಂಡ ಆ ಮುಖ ಪದೇ ಪದೇ ಕಣ್ಣೆದುರು ಬಂತು. ಜನ ಜೊತೆಗಿದ್ದಾರೋ ಇಲ್ಲವೋ ಎಂದು ಊರೆಲ್ಲ ಕೇಳುತ್ತಿತ್ತು. ಅವನು ಜನರ ಜೊತೆಗಿದ್ದಾನೋ ಇಲ್ಲವೋ ಎಂದು ಅವನಿಗೊಬ್ಬನಿಗೇ ಗೊತ್ತಿರಬೇಕು. ನನ್ನ ಮಟ್ಟಿಗಂತೂ ನನಗೆ ಗೊತ್ತಿತ್ತು.

ಸೋಮವಾರ ಸ್ನಾನ ಮಾಡಿ, ವಿಭೂತಿ ಹಚ್ಚಿ, ಹಿತ್ತಲಿಗೆ ಹೋಗಿ ಎರಡು ಹಣ್ಣನ್ನೂ ಚೀಲದ ಸಮೇತ ಕೊಯ್ದೆ. ಒಂದು ಈ ಹೆಗಲಿಗೆ, ಒಂದು ಆ ಹೆಗಲಿಗೆ. ಹೆಂಡತಿ ಬಾಗಿಲಲ್ಲಿ ನಿಂತು, "ಅಂಗಿಗೆ ಅಂಟಾಯ್ತದೆ, ಅಳೇದ್ ಆಕ್ಕೊಂಡೋಗಿ" ಎಂದಳು. ಹಾಗೆ ಹೇಳಿದಳೆಂದರೆ ಒಪ್ಪಿದಳು ಎಂದರ್ಥ.

ಬಸವಣ್ಣನ ಗುಡಿಯ ಮುಂದಿನ ಕಟ್ಟೆ ತುಂಬಿತ್ತು. ನಾಲ್ಕು ವರ್ಷದಲ್ಲಿ ಅಷ್ಟು ಜನರನ್ನು ನಾನು ಕಂಡಿರಲಿಲ್ಲ. ಟ್ರ್ಯಾಕ್ಟರಿನವನು ಒಂದು ಪಕ್ಕ ನೆಲ ನೋಡುತ್ತ ನಿಂತಿದ್ದ. ನಾನು ಹಣ್ಣುಗಳನ್ನು ನಡುವೆ ಇಳಿಸಿ ಚೀಲ ಬಿಚ್ಚಿದೆ. ವಾಸನೆ ಎದ್ದಿತು. ಯಾರೂ ಏನೂ ಹೇಳಬೇಕಾಗಿರಲಿಲ್ಲ.

"ತಂತಿ ಬಿದ್ದಿದ್ದು ಇವನ್ ಪಾಲಲ್ಲಿ. ಆನೇನ ಕರ್ದಿದ್ದು ನಾನು" ಎಂದೆ. "ಮಗಳು ಆಸೆಪಟ್ಲು, ಬಿಟ್ಕಂಡೆ. ಕಾನೂನ್ ಮಾಡಿದ್ದೂ ನಾನೇ, ಮುರ್ದಿದ್ದೂ ನಾನೇ. ದೊಡ್ಡವ್ವನ ಹತ್ತು ಸಾಲ್ಗೂ ನನ್ನತ್ರ ಮಿಕ್ಕಿರೋ ಸಸಿ ನಾನೇ ನೆಟ್ಕೊಡ್ತೀನಿ. ಇನ್ ನೀವು ಬ್ಯಾರೆಯವ್ರನ್ನ ಆರ್ಸ್ಕಳಿ."

ಸಲೂನಿನವನೇ ಮೊದಲು ಬಾಯಿ ತೆರೆದ.

"ಗೋಣಿಚೀಲದ್ ಮ್ಯಾಲೆ ಅದೇನಣ್ಣ ಬಳ್ದಿರೋದು?"

"ಸಗಣಿ."

"ಸಗಣೀನಾ! ಯಾತಕ್ಕೆ?"

"ವಾಸ್ನೆ ಬರ್ದೇ ಇರ್ಲಿ ಅಂತ."

ಅಷ್ಟೇ, ಕಟ್ಟೆ ಬಿದ್ದು ಬಿದ್ದು ನಕ್ಕಿತು. "ಆನೆಗೆ ಅಡ್ರೆಸ್ ಬರ್ದು ಕಳಿಸವ್ನೆ ಕಣ್ರಲಾ!" ಎಂದು ಯಾರೋ ಕೂಗಿದರು. "ನಾಕು ವರ್ಸ ನಮ್ಗೆಲ್ಲ ಬರೀ ಕಾಯಿ ತಿನ್ಸಿ, ಇವ್ನು ಚಂದ್ರ ಅಲಸು ಕಟ್ಕಂಡವ್ನೆ!" ಎಂದರು ಇನ್ನೊಬ್ಬರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದ ಮಚ್ಚನ್ನು ಕೈಗೆ ತೆಗೆದುಕೊಂಡೆ. "ಇವತ್ ಸೋಮವಾರ. ನನ್ ಪಾಲು ಸವರಕ್ಕೆ ನಾನು ಓಯ್ತೀನಿ. ನಿಮ್ ತೀರ್ಮಾನ ನೀವ್ ಮಾಡ್ಕಳಿ" ಎಂದು ಬೇಲಿಯ ದಾರಿ ಹಿಡಿದೆ.

ಹಿಂದೆ ದೊಡ್ಡವ್ವನ ದನಿ ಕೇಳಿತು. "ಯಾರಾದ್ರೂ ಕೈಗೆ ಎಣ್ಣೆ ಸವರ್ಕಳ್ರೋ. ಅಲಸಿನ್ ಅಣ್ಣು ಬಿಡ್ಸಿ ಮೊದ್ಲು ಬಸುರಿಗೆ ಎರಡ್ ತೊಳೆ ಕಳ್ಸಿ. ಜಾಸ್ತಿ ಬ್ಯಾಡ, ಉಷ್ಣ."

ತಿರುಗಿ ನೋಡಬಾರದೆಂದು ಹಟ ಮಾಡಿದೆ. ಊರಿನಿಂದ ಬೇಲಿಗೆ ಹದಿನೈದು ನಿಮಿಷದ ದಾರಿ. ಅವತ್ತು ಅದು ಮೈಸೂರಿನಷ್ಟು ದೂರವಾಗಿತ್ತು. ನನ್ನ ಪಾಲಿಗೆ ಹೋಗಿ ಬಗ್ಗಿ ಲಂಟಾನದ ಬುಡಕ್ಕೆ ಮಚ್ಚು ಹಾಕಿದೆ. ಹತ್ತು ಏಟು ಹಾಕಿರಬೇಕು. ಎಡಗಡೆಯಿಂದ ಇನ್ನೊಂದು ಮಚ್ಚಿನ ಸದ್ದು ಬಂತು. ನನ್ನದಕ್ಕೆ ಉತ್ತರ ಕೊಟ್ಟ ಹಾಗೆ. ಆಮೇಲೆ ಬಲಗಡೆ ಒಂದು, ಆಮೇಲೆ ದೂರದಲ್ಲಿ ನಾಲ್ಕೈದು. ಆಗ ತಲೆ ಎತ್ತಿದೆ.

ಬೇಲಿಯುದ್ದಕ್ಕೂ ಜನ. ಬಾಯಲ್ಲಿ ಹಲಸಿನ ತೊಳೆ, ಕೈಯಲ್ಲಿ ಮಚ್ಚು. ಕಂಬದಿಂದ ಕಂಬಕ್ಕೆ ಎಣಿಸಿದೆ, ಖಾಲಿ ಪಾಲು ಒಂದೂ ಇರಲಿಲ್ಲ. ಗಂಡಸು ಊರಲ್ಲಿಲ್ಲದ ಮನೆಗಳಿಂದ ಹೆಂಗಸರು ಬಂದಿದ್ದರು. ಯುದ್ಧದ ದಿನಗಳಲ್ಲೂ ಅರವತ್ತಕ್ಕೆ ಅರವತ್ತು ಬಂದದ್ದು ಎರಡೋ ಮೂರೋ ಸಲ. ಅವತ್ತು ಬಂದರು. ನನ್ನ ಪಾಲಿನ ಅರ್ಧ ಮುಗಿಯುವ ಹೊತ್ತಿಗೆ ಟ್ರ್ಯಾಕ್ಟರಿನವನು ತನ್ನ ಪಾಲಿನ ಬಳ್ಳಿಯೆಲ್ಲ ಕಿತ್ತು ಗುಡ್ಡೆ ಹಾಕಿದ್ದ. ಮಣ್ಣು ಮೆತ್ತಿದ ಕೈಯಲ್ಲೇ ನನ್ನ ಹತ್ತಿರ ಬಂದ.

"ಯಾಕಣ್ಣ ನಿಜ ಏಳ್ದೆ? ನೀನ್ ಸುಮ್ಕಿದ್ದಿದ್ರೆ ನಾನ್ ಊರ್ ಬಿಡ್ಬೇಕಿತ್ತು."

"ನಾನ್ ಸುಮ್ಕಿದ್ದಿದ್ರೆ ನಾನು ಊರಲ್ಲಿದ್ದೂ ಇಲ್ದಂಗಿರ್ಬೇಕಿತ್ತು" ಎಂದೆ.

ಅವನು ಕೈಯ ಮಣ್ಣು ಒರೆಸಿಕೊಂಡು, "ಕಂದಕದ ಅಂಚಿಗೆ ಮಣ್ಣು ಬೇಕು. ಟ್ರ್ಯಾಕ್ಟರ್ ತತ್ತೀನಿ" ಎಂದು ಹೋದ. ಮಧ್ಯಾಹ್ನದೊಳಗೆ ಎಂಟು ಲೋಡು ಮಣ್ಣು ಹಾಕಿದ. ತಂತಿ ಬಿಗಿದು, ಕರೆಂಟು ಬಿಟ್ಟು ನೋಡಿದಾಗ ತಂತಿಗೆ ಕರೆಂಟು ಕೊಡುವ ಸೋಲಾರ್ ಪೆಟ್ಟಿಗೆಯ ದೀಪ ಹತ್ತಿತು. ಜನ ಶಿಳ್ಳೆ ಹೊಡೆದರು. ಸಲೂನಿನವನು ನನ್ನ ಕೊರಳಿಗೆ ಹಾರ ಹಾಕುವುದಾಗಿ ಹೇಳಿ ಹಾಕಿದ್ದು ಒಂದು ಮಾರು ಕಾಡುಬಳ್ಳಿ. ಅದನ್ನು ಹಾಕಿಕೊಂಡೇ ಊರೊಳಗೆ ಬಂದೆ. ನಮ್ಮ ಜಗಲಿಯ ಮೇಲೆ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಗುತ್ತ ಕೂತಿದ್ದಳು. ಪಕ್ಕದ ತಟ್ಟೆಯಲ್ಲಿ ಎರಡು ಬೀಜ.

ಬೇರೆಯವರನ್ನು ಆರಿಸುವ ಮಾತನ್ನು ಊರು ಎತ್ತಲಿಲ್ಲ, ನನಗೆ ದಂಡ ಮಾತ್ರ ಹಾಕಿತು. ಒಂದು ವರ್ಷ ಪ್ರತಿ ಸೋಮವಾರ ನನ್ನ ಪಾಲಿನ ಜೊತೆಗೆ ದೊಡ್ಡವ್ವನ ಪಾಲನ್ನೂ ಸವರಬೇಕು, ಸಗಣಿ ಎಂಬ ಮಾತು ಬಂದಾಗೆಲ್ಲ ಬೇಜಾರಿಲ್ಲದೆ ನಗಬೇಕು. ಎರಡನ್ನೂ ಪೂರೈಸಿದ್ದೇನೆ. ಹತ್ತು ಸಾಲು ನೆಟ್ಟ ದಿನ ದೊಡ್ಡವ್ವ ಬದುವಿನ ಮೇಲೆ ಕೂತು, "ಸಾಲು ಸೊಟ್ಟ ಆಯ್ತದೆ ಕಣ್ಲಾ ಅಧ್ಯಕ್ಷ" ಎಂದು ಸಾಯಂಕಾಲದವರೆಗೆ ಹೇಳುತ್ತಲೇ ಇದ್ದಳು. ಆ ಸಲದ ಸೊಪ್ಪಿಗೆ ಪಿರಿಯಾಪಟ್ಟಣದ ಹರಾಜಿನಲ್ಲಿ ಒಳ್ಳೇ ದರ್ಜೆ ಸಿಕ್ಕಿತು. ಮೊಮ್ಮಗಳಿಗೆ ಈಗ ಎರಡು ವರ್ಷ, ಕಿವಿ ಗಟ್ಟಿಯಾಗಿದೆ, ನಾನು ಗೊಣಗಿದ್ದೂ ಕೇಳುತ್ತದೆ. ಆ ಗುರುವಾರದ ನಂತರ ಒಂದು ಆನೆಯೂ ತಂತಿ ದಾಟಿಲ್ಲ. ಕಮಿಟಿಗೆ ಈಗಲೂ ನಾನೇ ಅಧ್ಯಕ್ಷ, ಟ್ರ್ಯಾಕ್ಟರಿನವನು ಕಾರ್ಯದರ್ಶಿ. ಹಲಸು ಕಾಯಿಯಲ್ಲೇ ಇಳಿಯುತ್ತದೆ. ಬಸುರಿಯರಿರುವ ಮನೆಗೆ ಮಾತ್ರ ಒಂದು ವಿನಾಯಿತಿ. ಬಲಿತ ಕಾಯಿಯನ್ನು ಕೊಯ್ದು, ಸೈಕಲ್ಲಿನಲ್ಲಿ ಹನಗೋಡಿನ ನೆಂಟರ ಮನೆಗೆ ಸಾಗಿಸಿ, ಅಲ್ಲಿ ಹಣ್ಣಾಗಲು ಇಡಬೇಕು. ಇಷ್ಟು ಸುಲಭದ ಉಪಾಯ ನನಗೆ ಮೊದಲೇ ಯಾಕೆ ಹೊಳೆಯಲಿಲ್ಲವೋ. ಹೊಳೆದದ್ದು ಟ್ರ್ಯಾಕ್ಟರಿನವನ ಹೆಂಡತಿಗೆ.

ಮೊನ್ನೆ ಭಾನುವಾರವೂ ಸಲೂನಿನ ಕುರ್ಚಿಯಲ್ಲಿ ಕೂತಿದ್ದೆ. ಟಿವಿಯಲ್ಲಿ ಅದೇ ಯುದ್ಧ, ಅದೇ ಮುಖ, ಇನ್ನಷ್ಟು ನರೆತ ಕೂದಲು. ಅದೇ ನಾಲ್ಕು ಜನ ಅದೇ ಪ್ರಶ್ನೆಗೆ ಕಿತ್ತಾಡುತ್ತಿದ್ದರು.

"ನೀವೇ ಉತ್ರ ಏಳಿ ಅಧ್ಯಕ್ಷ್ರೇ" ಎಂದ ಸಲೂನಿನವನು, ಈ ಸಲ ಕತ್ತಿಯನ್ನು ಕುತ್ತಿಗೆಯಿಂದ ದೂರ ಹಿಡಿದು. "ಜನ ಇನ್ನೂ ಅವನ್ ಕಡೀಕೆ ಅವ್ರೋ ಇಲ್ವೋ?"

"ಕೋಟ್ ಹಾಕ್ಕೊಂಡೋರ್ನ ಕೇಳುದ್ರೆ ಅದು ಗೊತ್ತಾಯ್ತದೇನಯ್ಯ?" ಎಂದೆ. "ಅವರೂರಲ್ಲಿ ಬೇಲಿ ಕೆಲಸ ಯಾವ್ ದಿನ ಅಂತ ತಿಳ್ಕೋ. ಆ ದಿನ ಬೆಳಗ್ಗೆ ಓಗಿ, ಎಷ್ಟ್ ಆಳು ಬಂದವ್ರೆ ಅಂತ ಎಣ್ಸು. ಎಣ್ಸೋಕ್ ಮುಂಚೆ ಅವ್ನ ಹಿತ್ತಲನ್ನೂ ಒಂದ್ಸಲ ನೋಡ್ಬುಡು."

ಬೆಂಚಿನ ಮೇಲಿದ್ದ ಟ್ರ್ಯಾಕ್ಟರಿನವನು ಎಲ್ಲರಿಗಿಂತ ಜೋರಾಗಿ ನಕ್ಕ. ನಾನು ಕುತ್ತಿಗೆ ಎತ್ತಿ ಕೊಟ್ಟು ಕಣ್ಣು ಮುಚ್ಚಿದೆ. ಮಾರನೇ ದಿನ ಸೋಮವಾರ. ಮನೆಗೆ ಹೋಗಿ ಮಚ್ಚು ಮಸೆಯಬೇಕಿತ್ತು.